ಸೀತಮ್ಮನವರ ಹಸಿರು ಟಿಕ್ಕು

ಪದ್ಮನಾಭನಗರದ ಆ ಮನೆಗೆ ಸೊಪ್ಪು-ತರಕಾರಿ ತರಿಸುವ ಅಧಿಕಾರ ಸೀತಮ್ಮನವರದು. ಮೊದಲೆಲ್ಲ ಗೇಟಿನ ಹತ್ತಿರ ನಿಂತು ತಳ್ಳುಗಾಡಿಯವರ ಜೊತೆ ಚೌಕಾಸಿ ಮಾಡುತ್ತಿದ್ದರು. ಮಂಡಿನೋವು ಬಂದಮೇಲೆ ಸೊಸೆ ಸಮನ್ವಿತಾ ತನ್ನ ಕಂಪನಿಯ ಆಪನ್ನೇ ಅವರ ಫೋನಿಗೆ ಹಾಕಿಕೊಟ್ಟಳು. ಚೌಕಾಸಿಗೆ ಜಾಗವಿಲ್ಲ ಅನ್ನೋದೊಂದು ಬಿಟ್ಟರೆ ಅತ್ತೆಗೆ ಅದು ಪ್ರಾಣ. ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದು, "ಈ ದಂಟು ಬಲಿತಿದೆ ಕಣೇ, ನಾರು ನಾರು" ಎಂದು ಚಿತ್ರಕ್ಕೇ ಬೈಯುತ್ತಿದ್ದರು.

ಸಮನ್ವಿತಾಳ ಕೆಲಸ ಆ ಆಪಿನ ತಪ್ಪು ಹುಡುಕೋದು. ವಾರಕ್ಕೆರಡು ದಿನ ಜೆ.ಪಿ. ನಗರದ ಆಫೀಸು, ಉಳಿದ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಮೇಜಿನ ಕೆಳಗೆ ಎರಡೂವರೆ ವರ್ಷದ ಮಗಳು ಧೃತಿ. ಸಿಕ್ಕ ತಪ್ಪನ್ನು ದೂರು ದಾಖಲಿಸುವ ಟ್ರ್ಯಾಕರ್‌ಗೆ ಹಾಕಬೇಕು: ಏನು ಮಾಡಿದಾಗ ಏನಾಯ್ತು ಅಂತ ಬರೆದು, ಜೊತೆಗೆ ಫೋಟೋನೋ ವೀಡಿಯೋನೋ ಅಟ್ಯಾಚ್ ಮಾಡಬೇಕು. ಫೈಲಿಲ್ಲದ ದೂರು ಉಪ್ಪಿಲ್ಲದ ಸಾರಿದ್ದ ಹಾಗೆ. ತಪ್ಪು ತಿದ್ದಬೇಕಾದ ಡೆವಲಪರ್ ಶ್ರೀಕರ್ ಒಂದು ಸಲ ಮೂಸಿ ಪಕ್ಕಕ್ಕಿಡುತ್ತಾನೆ.

ತಾಪತ್ರಯ ಶುರುವಾದದ್ದು ಒಂದು ಶುಕ್ರವಾರ. ಹೂವು, ವೀಳ್ಯದೆಲೆ, ಮೆಂತ್ಯ ಸೊಪ್ಪು ಹೇಳಿದ್ದೀನಿ ಅಂದರು ಸೀತಮ್ಮ. ದೀಪ ಹಚ್ಚುವ ಹೊತ್ತಾದರೂ ಯಾರೂ ತರಲಿಲ್ಲ. ಆಪ್ ತೆಗೆದು ನೋಡಿದರೆ ಅಂಥ ಆರ್ಡರೇ ಇಲ್ಲ!

"ಹಸಿರು ಟಿಕ್ಕು ಬಂತು ಕಣೋ. ಈ ಕಣ್ಣಲ್ಲೇ ನೋಡ್ದೆ."

"ಬಂದಿದ್ರೆ ಎಲ್ಲಮ್ಮ ಅದು? ತವರಿಗೆ ಹೋಯ್ತಾ?" ಅಂತ ಮಗ ಸುಮೇಧ ನಕ್ಕ.

ಮುಂದಿನ ಶುಕ್ರವಾರವೂ ಅದೇ ಕತೆ. ಇನ್ನೊಂದು ಸಲ ಆದಾಗ ಸುಮೇಧನಿಗೆ ನಗು ಬರಲಿಲ್ಲ. ಅಡಿಗೆಮನೆಗೆ ಬಂದು ಹೆಂಡತಿಯ ಹತ್ತಿರ, "ಅಮ್ಮಂಗೆ ಮರೆವು ಶುರುವಾಗಿದೆ ಅನ್ಸತ್ತೆ ಸಮ್ಮು. ಈ ಭಾನುವಾರ ಬಿಡು, ಮುಂದಿನ ಭಾನುವಾರ ಆ ಆಪ್ ತೆಗೆದ್ಬಿಡ್ತೀನಿ, ತರಕಾರಿ ನಾನೇ ತರ್ತೀನಿ. ಡಾಕ್ಟರಿಗೂ ಒಂದ್ಸಲ ತೋರ್ಸೋಣ" ಅಂದ.

ಬಾಗಿಲ ಆಚೆ ಇದ್ದ ಸೀತಮ್ಮ ಅಷ್ಟನ್ನೂ ಕೇಳಿಸಿಕೊಂಡರು. ಅವತ್ತಿನಿಂದ ದಂಟಿಗೆ ಬೈಗುಳ ಬೀಳಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಅಂತ ಎದ್ದು ಹೋಗಿ ನೋಡುವರು, ಬಂದು ಕೂರುವರು, ಮತ್ತೆ ಹೋಗುವರು.

ಸಮನ್ವಿತಾ ಟ್ರ್ಯಾಕರ್‌ಗೆ ಬರೆದಳು: "ಟಿಕ್ ಬರುತ್ತದೆ, ಆರ್ಡರ್ ಕಾಣುವುದಿಲ್ಲ." ಶ್ರೀಕರನ ಉತ್ತರ ತಕ್ಷಣ ಬಂತು: "ನನ್ನ ಫೋನಲ್ಲಿ ಸರಿಯಾಗಿದೆ ಮೇಡಂ. ಫೈಲ್ ಎಲ್ಲಿ?" ಜೊತೆಗೇ ದೂರನ್ನು ಮುಚ್ಚೇಬಿಟ್ಟ. ಅವಳು ತಾನೇ ಮಾಡಿ ನೋಡಿದಳು. ಟಿಕ್ಕೂ ಬಂತು, ಆರ್ಡರೂ ಬಂತು. ಮಾಡಿದಷ್ಟು ಸಲವೂ ಬಂತು. ಮನೆ ತುಂಬ ಕೊತ್ತಂಬರಿ ಸೊಪ್ಪು! ಹಾಗಾದರೆ ಅತ್ತೆಗೆ ನಿಜವಾಗಿಯೂ... ಅವಳು ಆ ಯೋಚನೆಯನ್ನು ಅಲ್ಲಿಗೇ ತಡೆದಳು.

"ಅತ್ತೆ, ನಾಳೆ ಶುಕ್ರವಾರ. ನೀವು ಯಾವಾಗಿನ ಹಾಗೇ ಹೇಳಿ. ಪರದೆ ಮೇಲೆ ಆಗೋದು, ಮಾತು ಎಲ್ಲ ಫೋನು ರೆಕಾರ್ಡ್ ಮಾಡ್ಕೊಳ್ಳತ್ತೆ."

"ಪರೀಕ್ಷೆನಾ ನಂಗೆ?"

"ನಿಮಗಲ್ಲ ಅತ್ತೆ, ಆಪಿಗೆ."

ಮಾರನೇ ದಿನ ತಿಂಡಿ ಮುಗಿಸಿ ಸೀತಮ್ಮ ಒಂದೊಂದೇ ಸಾಮಾನು ಬುಟ್ಟಿಗೆ ಹಾಕಿದರು. ವಿಳಾಸ ಸರಿಯಾಗಿತ್ತು. ಹನ್ನೊಂದರಿಂದ ಹನ್ನೆರಡರೊಳಗೆ ತಲುಪಿಸುತ್ತೇವೆ ಎಂದು ಆಪ್ ತಾನೇ ಹೊತ್ತು ಗೊತ್ತುಮಾಡಿಕೊಂಡಿತು. ಇನ್ನು ಕೊನೆಯ ಗುಂಡಿ ಒತ್ತುವುದೊಂದೇ ಬಾಕಿ. ಸೀತಮ್ಮ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು ಬತ್ತಿ ಹೊಸೆಯಲು ಕೂತರು.

"ಆಯ್ತಾ ಅತ್ತೆ?"

"ಎಲ್ಲಿ ಆಯ್ತು? ಇನ್ನೇನು ಹತ್ತೂವರೆ, ರಾಹುಕಾಲ ಬರತ್ತೆ. ಒಳ್ಳೇ ಹೊತ್ತಲ್ಲೇ ಶುರು ಮಾಡಿದೀನಿ, ಹನ್ನೆರಡಾದ್ಮೇಲೆ ಒತ್ತೋದು. ದೇವರ ಹೂವು ಕಣಮ್ಮ, ಹೊತ್ತು ಗೊತ್ತು ಬೇಡ್ವಾ?"

ಸಮನ್ವಿತಾ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಕೆಳಗಿಟ್ಟಳು. ಆಫೀಸಿನಲ್ಲಿ ಯಾವ ಪುಣ್ಯಾತ್ಮನೂ ಬುಟ್ಟಿ ತುಂಬಿಸಿ ಒಂದೂವರೆ ಗಂಟೆ ಕಾದಿರಲಿಲ್ಲ.

ಹನ್ನೆರಡು ದಾಟಿತು. ಸೀತಮ್ಮ ಗುಂಡಿ ಒತ್ತಿದರು. ಹಸಿರು ಟಿಕ್ಕು ಬಂತು. ಆರ್ಡರುಗಳ ಪಟ್ಟಿ ಖಾಲಿ! ತಲುಪಿಸುವ ಹೊತ್ತೇ ಮೀರಿಹೋಗಿತ್ತಲ್ಲ. ಅದನ್ನು ಹೇಳುವ ಬದಲು ಆಪು ಟಿಕ್ಕು ತೋರಿಸಿ ಆರ್ಡರನ್ನು ನುಂಗಿ ನೀರು ಕುಡಿದಿತ್ತು.

"ಅತ್ತೆ! ನಿಮಗೇನೂ ಆಗಿಲ್ಲ!" ಸಮನ್ವಿತಾ ಅವರನ್ನು ತಬ್ಬಿಕೊಂಡಳು.

"ಹೂವು ಬಂದಿಲ್ವಲ್ಲೇ, ಅದಕ್ಯಾಕೆ ಇಷ್ಟು ಖುಷಿ?" ಅಂದರು ಸೀತಮ್ಮ. ಕಣ್ಣು ಮಾತ್ರ ಒದ್ದೆಯಾಗಿತ್ತು.

ವೀಡಿಯೋ ಹಾಕಲು ಹೋದರೆ, ಫೈಲು ದೊಡ್ಡದಾಯ್ತು ಅಂತ ಟ್ರ್ಯಾಕರ್ ತಳ್ಳಿಬಿಟ್ಟಿತು. ಸಮನ್ವಿತಾ ಧೃತಿಯನ್ನು ತೊಡೆ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಅದನ್ನು ಕತ್ತರಿಸಿದಳು. 'ರಾಹುಕಾಲಕ್ಕೆ ಮುಂಚೆ' ಒಂದು ಫೈಲು, 'ರಾಹುಕಾಲ ಕಳೆದ ಮೇಲೆ' ಇನ್ನೊಂದು. ನಡುವಿನದಕ್ಕೆ, ಕಾಯುವಾಗ ತೆಗೆದಿದ್ದ ಒಂದು ಫೋಟೋ: ಅಕ್ಕಿ ಡಬ್ಬ, ಅದರ ಮೇಲೆ ಮಗುಚಿದ ಫೋನು, ಪಕ್ಕದಲ್ಲಿ ಸೌಟು ಹಿಡಿದು ಕಾವಲು ನಿಂತ ಧೃತಿ, ಹಿಂದೆ ಗೋಡೆ ಗಡಿಯಾರ. ಮೂರನ್ನೂ ಅಟ್ಯಾಚ್ ಮಾಡಿ ದೂರನ್ನು ಮತ್ತೆ ತೆರೆದಳು.

ಮಧ್ಯಾಹ್ನದ ಕಾಲ್‌ನಲ್ಲಿ ಟೀಮ್ ಲೀಡ್ ಪ್ರಸನ್ನ ಮೊದಲ ಫೈಲು ಹಾಕಿದರು. ಎಲ್ಲರಿಗೂ ಕೇಳಿಸಿತು:

"ಅಜ್ಜಿ, ನಾನು ಒತ್ಲಾ?"

"ಬೇಡ ಚಿನ್ನ, ರಾಹು ಬೈತಾನೆ."

ಶ್ರೀಕರ್ ಬಿದ್ದು ಬಿದ್ದು ನಕ್ಕ. "ಮೇಡಂ, ಒಂದೂವರೆ ಗಂಟೆ ಯಾರು ಕಾಯ್ತಾರೆ?"

"ನಮ್ಮಮ್ಮ ಕಾಯ್ತಾರಪ್ಪ" ಅಂದರು ಪ್ರಸನ್ನ. "ನಿಮ್ಮನೇಲಿ?"

ಶ್ರೀಕರ್ ದೂರನ್ನು ತನ್ನ ಹೆಸರಿಗೆ ಹಾಕಿಕೊಂಡ. "ನನ್ ಬೈಕ್ ಡೆಲಿವರಿ ತಗೊಳಕ್ಕೆ ಹೋದಾಗ ರಾಹುಕಾಲ ಕಳೆಯೋವರೆಗೂ ನಮ್ಮಜ್ಜಿ ನನ್ನ ಶೋರೂಮ್ ಮುಂದೆ ಕೂರ್ಸಿದ್ರು ಸಾರ್. ಆಯ್ತು, ಸರಿ ಮಾಡ್ತೀನಿ."

ಸಂಜೆ ಸುಮೇಧ ಶೂ ಬಿಚ್ಚುವ ಮೊದಲೇ ಸಮನ್ವಿತಾ ಆ ಮೂರು ಫೈಲುಗಳನ್ನು ಅವನಿಗೂ ತೋರಿಸಿದಳು. ಅವನು ಎರಡೆರಡು ಸಲ ನೋಡಿದ. ಹಾಗೇ ಶೂ ಕಾಲಲ್ಲೇ ಹೊರಗೆ ಹೋಗಿ ಹೂವು ತಂದು ಅಮ್ಮನ ಮುಂದಿಟ್ಟ. ಭಾನುವಾರ ಬಂತು, ಹೋಯ್ತು. ಆಪಿನ ಸುದ್ದಿಗೆ ಯಾರೂ ಹೋಗಲಿಲ್ಲ.

ಮುಂದಿನ ಶುಕ್ರವಾರ ಹನ್ನೆರಡು ದಾಟಿದ ಮೇಲೆ ಸೀತಮ್ಮ ಗುಂಡಿ ಒತ್ತಿದಾಗ, "ಆ ಹೊತ್ತು ಮುಗಿದಿದೆ, ಬೇರೆ ಆರಿಸಿಕೊಳ್ಳಿ" ಅಂತ ಫೋನು ವಿನಯವಾಗಿ ಹೇಳಿತು. ಆರಿಸಿಕೊಂಡರು. ಗಂಟೆಯೊಳಗೆ ಗೇಟಿನಲ್ಲಿ ಚೀಲ ಬಂತು. ಮನೆಯಲ್ಲೇ ಇದ್ದ ಸುಮೇಧ ಹೋಗಿ ಇಸಕೊಂಡು ಬಂದ.

"ಅಮ್ಮ, ಮುಂದಿನ್ಸಲ ಹೇಳೋವಾಗ ನಂಗೆ ಸ್ವಲ್ಪ ಹೀರೇಕಾಯಿ ಹೇಳಮ್ಮ. ಬಜ್ಜಿ ತಿಂದು ಎಷ್ಟು ದಿನ ಆಯ್ತು."

ಸೀತಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದರು.

"ನೋಡ್ತೀನಿ ಇರು. ಥೂ, ಈ ಹೀರೇಕಾಯಿ ಮುಖ ನೋಡೇ ಸಮ್ಮು, ಬರೀ ಬೀಜ!"