ಪರದೆಯ ಮೇಲೆ ಸುಟ್ಟ ಗದ್ದೆ

ಕಾರ್ಗಿಲ್ ಯುದ್ಧ ಮುಗಿದ ವರ್ಷ ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಊರೂರಿಗೆ ಹೋಗಿ ಸಿನಿಮಾ ತೋರಿಸೋದು ನನ್ನ ಕೆಲಸ. ಶತ್ರು ಸೈನ್ಯವನ್ನು ಹಳ್ಳಿಯವರೇ ಎದುರಿಸುವ ಹಳೇ ಕಪ್ಪುಬಿಳುಪು ಚಿತ್ರ. ಹುಲ್ಲಹಳ್ಳಿ ಹತ್ತಿರದ ಒಂದೂರಿನಲ್ಲಿ ಪರದೆ ಕಟ್ಟುವಾಗಲೇ ನಿಂಗಮ್ಮ ಅನ್ನೋ ಹೆಂಗಸು ಬಂದು, "ಆಟ ಮುಗುದ್ಮೇಲೆ ನಮ್ಮನೇಲೇ ಉಣ್ಬೇಕು ಸಾ, ಬಸ್ಸಾರು ಮಾಡಿವ್ನಿ" ಅಂದಿದ್ದರು.

ಗುಂಡಿನ ಸದ್ದಿಗೆಲ್ಲ ಜನ ಸಿಳ್ಳೆ ಹೊಡೆದರು. ಆಮೇಲೆ, ಶತ್ರುವಿಗೆ ಒಂದು ಕಾಳೂ ಸಿಗಬಾರದು ಅಂತ ನಾಯಕ ತೆನೆ ತೂಗುವ ಗದ್ದೆಗೆ ಬೆಂಕಿ ಇಟ್ಟ. ಚಪ್ಪಾಳೆ ಬೀಳಬೇಕಾದ ಜಾಗ ಅದು. ಒಂದು ಕೈಯೂ ಏಳಲಿಲ್ಲ. ತೆನೆ ತುಂಬಿದ ಪೈರನ್ನು ಬಸುರಿ ಅನ್ನೋ ಜನ ಅವರು. ಅವರ ಬೆನ್ನ ಹಿಂದೆಯೇ ನಾಲೆ ನೀರು ಕುಡಿದ ಭತ್ತ ನಿಂತಿತ್ತು.

ನಿಂಗಮ್ಮ ಎದ್ದು ಪರದೆಯ ಮೇಲಿನ ನಾಯಕನಿಗೇ ಬೈದರು: "ತುಂಬಿದ್ ಬಸ್ರಿಗೆ ಬೆಂಕಿ ಇಕ್ತೀಯೇನ್ಲಾ, ನಿನ್ ಕೈ ಸೇದೋಗ!"

"ದೇಶ ಉಳೀಬೇಕಲ್ಲಮ್ಮ" ಅಂದೆ ನಾನು.

"ಉಳ್ದು ಏನುಣ್ತದೆ ಸಾ?"

ಅವರು ಸೆರಗು ಕೊಡವಿ ಹೊರಟರು, ಹೆಂಗಸರೆಲ್ಲ ಹಿಂದೆಯೇ ಎದ್ದರು. ಊಟಕ್ಕೆ ಯಾರೂ ಕರೆಯಲಿಲ್ಲ. ಡ್ರೈವರೂ ನಾನೂ ವ್ಯಾನಿನಲ್ಲೇ ಬನ್ ತಿಂದು ಮಲಗಿದೆವು.

ಮಾರನೇ ದಿನ ತಲಕಾಡಿನಲ್ಲಿ ಆ ಬೆಂಕಿ ಬರುವ ಹೊತ್ತಿಗೆ ಪ್ರೊಜೆಕ್ಟರಿನ ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ. ಗದ್ದೆ ಸುಡದೆಯೇ ಶತ್ರು ಓಡಿಹೋದ. ಹೇಗೆ ಅಂತ ಯಾರೂ ಕೇಳಲಿಲ್ಲ. ಚಪ್ಪಾಳೆ ಹೊಡೆದರು, ಊಟಕ್ಕೂ ಕರೆದರು. ಆಮೇಲೆ ಎಲ್ಲ ಊರಲ್ಲೂ ಯುದ್ಧವನ್ನು ಹಾಗೇ ಗೆದ್ದೆ.

ನಿಂಗಮ್ಮನ ಬಸ್ಸಾರು ಮಾತ್ರ ಇನ್ನೂ ಬಾಕಿ ಇದೆ.