ಅಮ್ಮನ ಕೋಣೆಯ ನೆಲ

ಅವನನ್ನು ಎಲ್ಲರೂ ಕರೆಯುತ್ತಿದ್ದುದು ರಸಮಟ್ಟ ಎಂದು. ನೆಲದ ಮಟ್ಟ ನೋಡುವ, ಹಸಿರು ದ್ರವದೊಳಗೆ ಒಂದು ಗುಳ್ಳೆ ತೇಲುವ ಆ ಪುಟ್ಟ ಪಟ್ಟಿಯನ್ನು ಟೈಲ್ಸ್ ಕೂರಿಸುವ ಬೇರೆಯವರು ಚೀಲದಲ್ಲಿ ಇಟ್ಟುಕೊಂಡರೆ, ಅವನು ಅಂಗಿಯ ಜೇಬಿಗೆ ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿರುತ್ತಿದ್ದ. ಟೀ ಅಂಗಡಿಯ ಬೆಂಚಿನ ಮೇಲೆ ಕೂರುವ ಮೊದಲು ಅದನ್ನಿಟ್ಟು ನೋಡುತ್ತಿದ್ದ. ಒಮ್ಮೆ ಕ್ಷೌರದವನ ಕುರ್ಚಿ ಬಲಕ್ಕೆ ವಾಲಿದೆ ಎಂದು ಹೇಳಿ, "ಹಾಗಾದ್ರೆ ನಿನ್ ಮೀಸೇನೂ ಬಲಕ್ಕೇ ವಾಲಿಸ್ತೀನಿ, ಬಾ ಕೂತ್ಕೋ" ಎಂದು ಅನ್ನಿಸಿಕೊಂಡಿದ್ದ.

ಇಪ್ಪತ್ತಾರು ವರ್ಷ ಅವನು ನೆಲ ಹಾಕಿದ್ದ. ಎಲ್ಲವೂ ಹೊಸ ಮನೆಗಳು. ಗೋಡೆಗೆ ಇನ್ನೂ ಬಣ್ಣ ಬಳಿದಿರದ, ಕಿಟಕಿಗೆ ಗಾಜು ಬಂದಿರದ, ಕೂಗಿದರೆ ಕೂಗು ತಿರುಗಿ ಬರುವ ಖಾಲಿ ಮನೆಗಳು. ಮೂಲೆಯಿಂದ ಶುರುಮಾಡಿ, ಮಂಡಿಯೂರಿ, ಹಿಂದೆ ಹಿಂದೆ ಸರಿಯುತ್ತ ಬಾಗಿಲ ಚೌಕಟ್ಟಿನ ಹೊರಗೆ ಬಂದರೆ ಒಂದು ಕೋಣೆ ಮುಗಿದ ಹಾಗೆ. ಮಾರನೆಯ ದಿನ ಪ್ರತಿ ಟೈಲನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದ. ಒಂದೇ ಒಂದು ಟೊಳ್ಳು ಸದ್ದು ಬಂದರೂ ಅದನ್ನು ಕಿತ್ತು ಮತ್ತೆ ಕೂರಿಸುತ್ತಿದ್ದ. ಆದರೆ ಅವನ ಕೆಲಸದ ಸಂಕಟವೂ ಅಲ್ಲೇ ಇತ್ತು. ನೆಲ ಸರಿಯಾಗಿದ್ದರೆ ಯಾರೂ ಕೆಳಗೆ ನೋಡುವುದಿಲ್ಲ. ಗೃಹಿಣಿಯರು ಪರದೆ ಮೆಚ್ಚುತ್ತಾರೆ, ದೀಪ ಮೆಚ್ಚುತ್ತಾರೆ. ನೆಲದ ಮೇಲೆ ನಿಂತೇ ಮೆಚ್ಚುತ್ತಾರೆ.

ಅವನ ತಮ್ಮನಿಗೆ ಆ ಸಂಕಟ ಇರಲಿಲ್ಲ. ತಮ್ಮ ಕಾರ್ಪೆಟ್ ಹಾಸುವವನು. ಅವನಿಗೂ ಒಂದು ಅಡ್ಡಹೆಸರು ಬಿದ್ದಿತ್ತು, ಮಖಮಲ್ಲು ಎಂದು. ಅವನು ಹಾಸಿ ಮುಗಿಸುವುದೇ ತಡ, ಮನೆಯವರೆಲ್ಲ ಚಪ್ಪಲಿ ಬಿಟ್ಟು ಒಳಗೆ ನುಗ್ಗುತ್ತಿದ್ದರು, ಬಗ್ಗಿ ಕೈಯಾಡಿಸುತ್ತಿದ್ದರು, "ಅಯ್ಯೋ, ಎಷ್ಟು ಮೆತ್ತಗಿದೆ!" ಎನ್ನುತ್ತಿದ್ದರು. ಮೊದಲೆರಡು ವರ್ಷ ಅಣ್ಣನ ಕೈಕೆಳಗೇ ಇದ್ದವನು ಅವನು. "ಸಿಮೆಂಟು ಕೈ ತಿನ್ನುತ್ತೆ ಅಣ್ಣ" ಎಂದು ಒಂದು ದಿನ ಬಿಟ್ಟು ಹೋದ. ಆಮೇಲೆ ಎಷ್ಟೋ ವರ್ಷ, ತಮ್ಮ ನೀರಿನ ಲೋಟ ಹಿಡಿದಾಗಲೆಲ್ಲ ಅಣ್ಣನ ಕಣ್ಣು ಆ ಬಿರುಕಿಲ್ಲದ ಬೆರಳುಗಳ ಮೇಲೆ ಹೋಗುತ್ತಿತ್ತು.

ಇಷ್ಟಾದರೂ ಒಂದು ವಿಷಯದಲ್ಲಿ ಅಣ್ಣನೇ ಗೆದ್ದಿದ್ದ. ಅಮ್ಮ ಇದ್ದದ್ದು ಅವನ ಮನೆಯಲ್ಲಿ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳ ನೆಲ ಒರೆಸಿ ನಿವೃತ್ತಳಾದ ಮೇಲೆ ಅವಳು ತನ್ನ ಟ್ರಂಕು ಹಿಡಿದು ನೇರ ದೊಡ್ಡ ಮಗನ ಮನೆಗೆ ಬಂದಿದ್ದಳು. ಹಿಂದಿನ ಪುಟ್ಟ ಕೋಣೆ ಅವಳದು. ಆ ಗೆಲುವನ್ನು ಅವನು ಯಾರ ಮುಂದೆಯೂ ಹೇಳಿಕೊಂಡವನಲ್ಲ. ಆದರೆ ಯಾರಾದರೂ "ಅಮ್ಮ ಯಾರ ಹತ್ರ ಇದ್ದಾರೆ?" ಎಂದು ಕೇಳಿದರೆ ಉತ್ತರಿಸಲು ಅವನಿಗೆ ಬೇಜಾರಾಗುತ್ತಿರಲಿಲ್ಲ.

ಅಂಥ ಅಮ್ಮನ ಮಂಡಿಗೆ ಆಪರೇಷನ್ ಆಯಿತು. ತಮ್ಮನ ಮನೆ ಆಸ್ಪತ್ರೆಗೆ ಹತ್ತಿರ, ಮೆಟ್ಟಿಲಿಲ್ಲ. ಹದಿನೈದು ದಿನ ಅಲ್ಲಿರಲಿ ಎಂದು ಮಾತಾಯಿತು. ಹದಿನೈದು ಹೋಗಿ ಒಂದು ತಿಂಗಳಾಯಿತು, ತಿಂಗಳು ಹೋಗಿ ಒಂದೂವರೆಯಾಯಿತು.

ಪ್ರತಿ ಭಾನುವಾರ ಅವನು ನೋಡಿಬರಲು ಹೋಗುತ್ತಿದ್ದ. ಒಂದು ಭಾನುವಾರ ಬಾಗಿಲು ತೆರೆದೇ ಇತ್ತು. ಅಮ್ಮ ಕೋಲಿಲ್ಲದೆ ಹಾಲಿನಲ್ಲಿ ನಡೆಯುತ್ತಿದ್ದಳು. ಬೂದು ಬಣ್ಣದ ಕಾರ್ಪೆಟ್ಟಿನ ಮೇಲೆ ಬರಿಗಾಲು. ಹೆಜ್ಜೆ ಊರಿದಲ್ಲಿ ಒಂದು ಗುರುತು ಬಿದ್ದು, ಮುಂದಿನ ಹೆಜ್ಜೆ ಎತ್ತುವಷ್ಟರಲ್ಲಿ ಅದು ಮೆಲ್ಲಗೆ ಮಾಯುತ್ತಿತ್ತು. ಕಿರಿಯ ಸೊಸೆ ಏನೋ ಹೇಳಿದಳು, ಅಮ್ಮ ನಕ್ಕಳು. ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ತನ್ನ ಮನೆಯಲ್ಲಿ ಅಮ್ಮ ಹಾಗೆ ನಿರಾಳವಾಗಿ ನಡೆದದ್ದೇ ಇಲ್ಲ. ಅಲ್ಲಿ ಅವಳ ಕಣ್ಣು ಯಾವಾಗಲೂ ಕೆಳಗೆ, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ.

ತಮ್ಮ ಒಳಗಿನಿಂದ ಬಂದ. "ಅಣ್ಣ, ನಿನ್ನ ಮನೇಲಿ ಅಮ್ಮನ ಕೋಣೆ ನೆಲ ಬಿರುಕು ಬಿಟ್ಟಿದೆಯಲ್ಲ. ಅವಳು ಬರೋದ್ರೊಳಗೆ ಒಂದು ಕಾರ್ಪೆಟ್ ಹಾಸಿಬಿಡ್ತೀನಿ. ಅರ್ಧ ದಿನದ ಕೆಲಸ."

"ಕಾರ್ಪೆಟ್ಟಾ? ಧೂಳು ಕುಡಿಯುತ್ತೆ ಅದು. ಅಮ್ಮನಿಗೆ ಮೊದಲೇ ಕೆಮ್ಮು."

"ಒಂದೂವರೆ ತಿಂಗಳಲ್ಲಿ ಒಂದ್ಸಲ ಕೆಮ್ಮಿಲ್ಲ. ಟೈಲ್ಸ್ ಮೇಲೆ ನೀರು ಬಿದ್ದು ಕಾಲು ಜಾರಿದ್ರೆ?"

"ನನ್ನ ಟೈಲ್ಸ್ ಮೇಲೆ ಇದುವರೆಗೆ ಯಾರೂ ಜಾರಿಲ್ಲ."

"ಬಿದ್ದೋರು ನಿನಗೆ ಬಂದು ಹೇಳಿರಲ್ಲ, ಅಷ್ಟೇ."

ಅಮ್ಮ ಸೋಫಾದ ಮೇಲೆ ಕೂತು ಇಬ್ಬರನ್ನೂ ನೋಡಿದಳು. "ನಿಮ್ಮ ಜಗಳ ಮುಗಿದ ಮೇಲೆ ಎಬ್ಬಿಸ್ರಪ್ಪಾ" ಎಂದು ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೂ ಪಾದಗಳು ಮಾತ್ರ ಆ ಬೂದು ಎಳೆಗಳನ್ನು ಅತ್ತಿತ್ತ ಸವರುತ್ತಲೇ ಇದ್ದವು. ಅದನ್ನು ಅವನು ನೋಡಬಾರದಿತ್ತು.

ಬಸ್ಸಿನಲ್ಲಿ ಬರುವಾಗ ಅವನಿಗೆ ಒಂದೇ ಯೋಚನೆ. ಅಮ್ಮ ಅಲ್ಲೇ ಉಳಿದುಬಿಟ್ಟರೆ? ಬಾಯಿಬಿಟ್ಟು ಹೇಳದಿದ್ದರೂ ಒಂದು ದಿನ ತಮ್ಮ ಬಂದು ಟ್ರಂಕು ಕೇಳಿದರೆ?

ಮಾರನೆಯ ದಿನ ಅವನು ಕೆಲಸಕ್ಕೆ ರಜೆ ಹಾಕಿದ. ಅಮ್ಮ ಬರುವುದು ಗುರುವಾರ ಎಂದು ನಿಶ್ಚಯವಾಗಿತ್ತು. ಅವಳ ಕೋಣೆಯ ಹಳೆಯ ನೆಲ ಅಗೆಯುತ್ತ ಕೂತರೆ ಆಗುವುದಿಲ್ಲ, ಬಿರುಕು ತುಂಬಿ ಅದರ ಮೇಲೆಯೇ ಕೂರಿಸಬೇಕು. ಎಂದೋ ಒಂದು ದೊಡ್ಡ ಮನೆಯ ಕೆಲಸದಲ್ಲಿ ಉಳಿದಿದ್ದ ಟೈಲ್ಸನ್ನು ಮನೆಯೊಡೆಯ ಸಂತೋಷದಿಂದ ಕೊಟ್ಟಿದ್ದ. ಹಾಲಿನ ಕೆನೆಯ ಬಣ್ಣದವು, ಕನ್ನಡಿಯ ಹಾಗೆ ಹೊಳೆಯುವಂಥವು. ಅಟ್ಟದಿಂದ ಅವನ್ನು ಇಳಿಸಿದ.

ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಡುಗೆಮನೆ ನೆಲ ಎದ್ದು ಮೂರು ವರ್ಷ ಆಯ್ತು. ಕೇಳಿದಾಗೆಲ್ಲ ಸೊಂಟನೋವು. ಈಗೆಲ್ಲಿ ಹೋಯ್ತು ರೀ ಆ ನೋವು?"

"ಅಮ್ಮನಿಗೋಸ್ಕರ ಮಾಡ್ತಿದೀನಿ."

"ಅತ್ತೆಗೋಸ್ಕರಾನೋ, ಮೈದುನನ ಮೇಲಿನ ಹಟಕ್ಕೋ?"

ಅವನು ಕೋಣೆಯ ಬಾಗಿಲನ್ನು ಕೀಲಿನಿಂದ ಎತ್ತಿ ಹೊರಗೆ ಗೋಡೆಗೆ ಒರಗಿಸಿದ. ಖಾಲಿ ಚೌಕಟ್ಟು ನೋಡಿದ ಮೇಲೆ ಕೈ ತಾನಾಗಿ ಓಡಿತು.

ಮೂರು ದಿನ ಅವನು ಅಲ್ಲೇ ಇದ್ದ. ಊಟವನ್ನೂ ಹೊಸ್ತಿಲ ಆಚೆ ಕೂತು ಮಾಡಿದ. ಸಂದುಗಳು ದಾರ ಹಿಡಿದ ಹಾಗೆ ನೇರ ಬಂದವು. ಅಮ್ಮನ ಕಾಲಿಗೆ ತೊಡರಬಾರದೆಂದು ಹೊಸ್ತಿಲ ಅಂಚನ್ನು ಇಳಿಜಾರು ಮಾಡಿ ನುಣ್ಣಗೆ ಉಜ್ಜಿದ. ಗುರುವಾರ ಬೆಳಿಗ್ಗೆ ಕೊನೆಯ ಸಲ ಒರೆಸಿ ಎದ್ದು ನಿಂತಾಗ ಕಿಟಕಿಯ ಬೆಳಕು ಇಡಿಯಾಗಿ ನೆಲಕ್ಕಿಳಿದು ಕೂತಿತ್ತು. ಇಪ್ಪತ್ತಾರು ವರ್ಷದಲ್ಲಿ ಇಂಥ ನೆಲ ತನ್ನ ಕೈಯಿಂದ ಬಂದಿಲ್ಲ ಅನ್ನಿಸಿತು. ತಮ್ಮ ಇದನ್ನು ನೋಡಬೇಕು ಅಂತಲೂ ಅನ್ನಿಸಿತು.

ಆಟೋ ಸದ್ದು ಕೇಳಿದ್ದೇ ತಡ, ಬಾಗಿಲನ್ನು ಎತ್ತಿ ಕೀಲಿಗೆ ಸೇರಿಸಲು ಹೋದ. ಸೇರಲಿಲ್ಲ. ಎತ್ತಿ ಮತ್ತೆ ಇಳಿಸಿದ. ಬಾಗಿಲ ಕೆಳಗಿನ ಅಂಚು ಟೈಲ್ಸಿಗೆ ತಾಗಿ ನಿಂತಿತ್ತು. ಬಾಗಿಲ ಕೀಲು ಚೌಕಟ್ಟಿನ ಕೀಲಿಗಿಂತ ಇನ್ನೂ ಒಂದು ಬೆರಳು ಮೇಲಿತ್ತು.

ಅವನು ಬಾಗಿಲು ಹಿಡಿದುಕೊಂಡೇ ನಿಂತ. ನೆಲದ ಮೇಲೆ ನೆಲ ಹಾಕಿದರೆ ಒಂದು ಬೆರಳು ಏರುತ್ತದೆ, ಬಾಗಿಲು ಏರುವುದಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೂ ಹೇಳುವ ಮಾತು. ಆದರೆ ಅವನು ಬಾಗಿಲಿಲ್ಲದ ಮನೆಗಳ ಕೆಲಸಗಾರ. ಎಲ್ಲ ಮನೆಗಳಲ್ಲೂ ಅವನು ಹೋದ ಮೇಲೆ ಬಡಗಿ ಬರುತ್ತಿದ್ದ, ಬಾಗಿಲು ಅವನ ನೆಲದ ಅಳತೆಗೆ ತಯಾರಾಗುತ್ತಿತ್ತು. ಜನ ವಾಸವಿದ್ದ ಕೋಣೆಗೆ ಅವನು ನೆಲ ಹಾಕಿದ್ದು ಇದೇ ಮೊದಲು.

"ಏನಣ್ಣ, ಬಾಗಿಲನ್ನ ಎತ್ಕೊಂಡು ನಿಂತಿದೀಯಾ?" ತಮ್ಮ ಅಮ್ಮನ ಚೀಲ ಹಿಡಿದು ಹಿಂದೆಯೇ ಬಂದಿದ್ದ. ನೆಲ ನೋಡಿದ, ಬಾಗಿಲು ನೋಡಿದ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹೊರಗೆ ಹೋಗಿ ಆಟೋದಿಂದ ತನ್ನ ಕೆಲಸದ ಚೀಲ ತಂದ. ಅದರಲ್ಲಿ ಸಣ್ಣ ಗರಗಸ ಇತ್ತು, ಮರ ಹೆರೆಯುವ ಕೀಸುಳಿ ಇತ್ತು. ಕಾರ್ಪೆಟ್ಟಿನವನಿಗೆ ದಿನಾ ಇದೇ ಕೆಲಸ. ಜನ ಇರುವ ಮನೆ, ಇರುವ ಬಾಗಿಲು.

"ಹಿಡ್ಕೋ" ಎಂದ ತಮ್ಮ. ಅಣ್ಣ ಹಿಡಿದುಕೊಂಡ. ಬಾಗಿಲ ಅಡಿಯ ಒಂದು ಬೆರಳಗಲದ ಮರ ಉದ್ದಕ್ಕೆ ತುಂಡಾಗಿ ಕೆಳಗೆ ಬಿತ್ತು. ಕೀಸುಳಿಯ ಸಿಪ್ಪೆಗಳು ಸುರುಳಿಸುರುಳಿಯಾಗಿ ಅಣ್ಣನ ಪಾದದ ಮೇಲೆ ಉದುರಿದವು. ಅಮ್ಮ ಹಾಲಿನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ತಮ್ಮನ ಕೈ ಎಷ್ಟು ಸಲೀಸಾಗಿ ಓಡುತ್ತಿತ್ತೆಂದರೆ ಅಣ್ಣನಿಗೆ ಅದನ್ನು ಅಲ್ಲೇ ಹಿಡಿದು ನಿಲ್ಲಿಸಬೇಕೆನ್ನಿಸಿತು.

"ಬಾಮ್ಮ, ನೋಡು" ಎಂದ ಅಣ್ಣ, ಬಾಗಿಲು ಕೂತ ಮೇಲೆ. ದನಿ ಸ್ವಲ್ಪ ಜೋರಾಯಿತು.

ಅಮ್ಮ ಬಂದು ಹೊಸ್ತಿಲ ಹತ್ತಿರ ನಿಂತಳು. ಹೊಳೆಯುವ ನೆಲವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ಚೆನ್ನಾಗಿ ಮಾಡಿದೀಯಪ್ಪ" ಎಂದಳು. ಎರಡು ಹೆಜ್ಜೆ ಇಟ್ಟಳು. ಬಾಗಿಲ ಪಕ್ಕದಲ್ಲಿ ಮರದ ಪುಡಿ ಬಿದ್ದಿತ್ತು. ಅವಳು ಸೆರಗಿನ ತುದಿ ಕೈಗೆ ಸುತ್ತಿಕೊಂಡು, ಆಪರೇಷನ್ ಆದ ಕಾಲನ್ನು ಪಕ್ಕಕ್ಕೆ ಚಾಚಿ, ಗೋಡೆ ಹಿಡಿದು ಬಗ್ಗತೊಡಗಿದಳು.

"ಅತ್ತೇ!" ಹಿರಿಯ ಸೊಸೆ ಓಡಿಬಂದು ತೋಳು ಹಿಡಿದಳು. "ಡಾಕ್ಟರು ಏನಂದ್ರು? ಬಗ್ಗಬಾರದು ಅಂದಿಲ್ವಾ? ನಾನು ಒರೆಸ್ತೀನಿ ಬಿಡಿ."

ಅಮ್ಮ ನೆಟ್ಟಗಾದಳು. ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮೂವರನ್ನೂ ನೋಡಿದಳು.

"ಏನು ಮಾಡ್ಲಿ" ಎಂದಳು. "ಹೊಳೆಯೋ ನೆಲ ಕಂಡ್ರೆ ಕೈ ಸುಮ್ನಿರಲ್ಲ. ಒಂದು ಕೂದಲು ಬಿದ್ರೂ ಕಾಣುತ್ತೆ. ಇನ್ನೇನು ದೊಡ್ಡ ನರ್ಸಮ್ಮ ಬಂದು ಬೈತಾರೆ ಅನ್ಸುತ್ತೆ. ಅವರು ಸತ್ತು ಎಂಟು ವರ್ಷ ಆಯ್ತು." ದೊಡ್ಡ ಮಗನ ಕಡೆ ತಿರುಗಿದಳು. "ಇವನ ಮನೇಲಿ ಒಂದೂವರೆ ತಿಂಗಳು ನಾನು ನೆಲಾನೇ ನೋಡಲಿಲ್ಲ ಕಣೋ. ಅಲ್ಲಿ ಏನು ಬಿದ್ರೂ ಕಾಣಲ್ಲ. ಹಾಯಾಗಿತ್ತು."

ಹಾಯಾಗಿತ್ತು ಎಂಬ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಆದರೆ ಅವನು ಅಂದುಕೊಂಡಿದ್ದ ಹಾಗಲ್ಲ. ಗೋಡೆ ಹಿಡಿದು, ಕಣ್ಣು ಕೆಳಗಿಟ್ಟು ನಡೆಯುತ್ತಿದ್ದ ಅಮ್ಮ ಮಂಡಿನೋವಿಗೆ ಹಾಗೆ ನಡೆಯುತ್ತಿದ್ದಳೆಂದು ಅವನು ಇಷ್ಟು ವರ್ಷ ತಿಳಿದಿದ್ದ. ಅವಳು ಕೊಳೆ ಹುಡುಕುತ್ತಿದ್ದಳು. ಅವಳಿಗಾಗಿ ಎಂದು ಅವನು ಮೂರು ದಿನ ಕೂತು ಒಂದು ಆಸ್ಪತ್ರೆ ವಾರ್ಡು ಮಾಡಿಟ್ಟಿದ್ದ.

ಊಟವಾದ ಮೇಲೆ ಅವನು ತಮ್ಮನನ್ನು ಕೋಣೆಗೆ ಕರೆದ. ಕರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಇದರ ಮೇಲೆ ಹಾಸೋಕಾಗುತ್ತಾ?"

ತಮ್ಮ ನೆಲವನ್ನೇ ನೋಡುತ್ತಿದ್ದ. "ಇಂಥ ನೆಲದ ಮೇಲಾ? ಮನಸ್ಸು ಬರಲ್ಲ ಅಣ್ಣ."

"ಮನಸ್ಸು ಕೇಳಲಿಲ್ಲ. ಆಗುತ್ತಾ ಅಂತ ಕೇಳ್ದೆ."

"ಆಗುತ್ತೆ. ಆದ್ರೆ ಗೋಡೆಯಂಚಿಗೆ ಸುತ್ತಲೂ ಮುಳ್ಳುಪಟ್ಟಿ ಹೊಡೀಬೇಕು, ಕಾರ್ಪೆಟ್ ಅದಕ್ಕೇ ಕಚ್ಕೊಳ್ಳೋದು. ಮೊಳೆ ಹೊಡೆದ್ರೆ ನಿನ್ನ ಟೈಲ್ಸ್ ಸೀಳುತ್ತೆ. ಡ್ರಿಲ್ ಹಾಕಿ ತೂತು ಮಾಡ್ಕೋಬೇಕು. ಬಾಗಿಲೂ ಇನ್ನೊಂದು ಸಲ ಕುಯ್ಬೇಕು. ಬಿಡು, ನಾಳೆ ಬಂದು ನಾನೇ..."

"ನೀನು ಮುಟ್ಟಬೇಡ" ಎಂದ ಅಣ್ಣ. "ನನ್ನ ಟೈಲ್ಸಿಗೆ ನಾನೇ ತೂತು ಹೊಡೀತೀನಿ."

ಶುಕ್ರವಾರ ತಮ್ಮ ಕಾರ್ಪೆಟ್ಟಿನ ಸುರುಳಿ ಹೊತ್ತು ತಂದ. ಅಮ್ಮ ಆರಿಸಿದ ಬಣ್ಣ, ಒಣ ಮಣ್ಣಿನದು. ಇಬ್ಬರೂ ಮಂಡಿಯೂರಿ ಕೂತರು. ತಮ್ಮ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಮುಂದೆ ಹೋದ, ಅಣ್ಣ ನೀರು ಚಿಮುಕಿಸಿ ಡ್ರಿಲ್ ಇಳಿಸುತ್ತ ಹಿಂದೆ ಬಂದ. ಕೆನೆಬಣ್ಣದ ಪುಡಿ ಎದ್ದು ಇಬ್ಬರ ರೆಪ್ಪೆಗೂ ಅಂಟಿತು. ಒಂದು ಟೈಲೂ ಸೀಳಲಿಲ್ಲ. ಅದನ್ನು ತಮ್ಮ ಗಮನಿಸಲಿ ಎಂದು ಅಣ್ಣ ಬೇಕೆಂದೇ ನಿಧಾನ ಮಾಡಿದ.

"ಅಮ್ಮನ್ನ ಅಲ್ಲೇ ಇಟ್ಕೋಬೇಕು ಅಂತಿದ್ದೆ" ಎಂದ ತಮ್ಮ, ತಲೆಯೆತ್ತದೆ.

ಡ್ರಿಲ್ ನಿಂತಿತು.

"ಕೇಳ್ದೆ ಕೂಡ. ಇಲ್ಲ ಅಂದ್ಲು. ಅವಳಿಗೋಸ್ಕರ ಇಡೀ ಮನೆಗೆ ಹೊಸ ಕಾರ್ಪೆಟ್ ಹಾಸಿದ್ದೆ ಅಣ್ಣ. ನನ್ನ ಹೆಂಡತಿ ಕೈಯಲ್ಲಿ ಕಾಲು ಒತ್ತಿಸ್ಕೊಂಡು ಕೂತಿರೋಳು, ಸಾಯಂಕಾಲ ಆರು ಆದ್ರೆ ಮಾತ್ರ ಕಣ್ಣು ಬಾಗಿಲ ಕಡೆ. ಏನಮ್ಮ ಅಂದ್ರೆ, ದೊಡ್ಡೋನು ಕೆಲಸದಿಂದ ಬರೋ ಹೊತ್ತು ಅನ್ನೋಳು." ಪೆನ್ಸಿಲ್ ಗೆರೆಯನ್ನು ಅವನು ಎರಡು ಸಲ ಎಳೆದ. "ಮೈಯೆಲ್ಲ ಉರೀತಿತ್ತು ನನಗೆ."

ಅಣ್ಣ ಡ್ರಿಲ್ಲಿನ ತುದಿಯ ಪುಡಿ ಊದಿದ. ತಮ್ಮನ ಮುಖ ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಸಮಾಧಾನದ ಒಂದು ಮಾತು ಆಡಬೇಕು ಎಂಬುದೂ ಗೊತ್ತಿತ್ತು.

"ದಿನಾನಾ?" ಎಂದು ಕೇಳಿದ.

"ಏನು ದಿನಾನಾ?"

"ಬಾಗಿಲ ಕಡೆ ನೋಡ್ತಿದ್ದಿದ್ದು."

ತಮ್ಮ ಅವನನ್ನು ದುರುಗುಟ್ಟಿ ನೋಡಿದ. "ಹೂಂ. ದಿನಾ."

"ಆರಕ್ಕೇನಾ? ಕೆಲವು ಸಲ ನಾನು ಐದೂವರೆಗೇ ಬರ್ತೀನಿ."

"ತೂತು ಹೊಡಿ ಅಣ್ಣ" ಎಂದ ತಮ್ಮ, ಮುಂದಿನ ಗುರುತು ಹಾಕುತ್ತ.