ಮೂರು ಕಂಪ್ಯೂಟರು, ಒಂದೇ ಉತ್ತರ

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿರುವುದು ಕೆಲವೇ ಸಾಲು. ಉಳಿದದ್ದನ್ನು ನೆನಪು ಆಮೇಲೆ ತುಂಬಿಕೊಂಡಿದೆ. ಯಾವುದನ್ನು ಕಣ್ಣಾರೆ ಕಂಡೆ, ಯಾವುದನ್ನು ನಂತರ ಕೇಳಿದೆ ಎಂದು ಗೊತ್ತಿರುವಲ್ಲಿ ಹೇಳುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ಎರಡು ಸಾವಿರದ ಹತ್ತರ ಆಚೀಚೆ ನಾನು ಒಂದು ಮನೆತನದ ವ್ಯವಹಾರಕ್ಕೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದೆ. ಅವರಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿ, ಕುಷ್ಟಗಿಯಲ್ಲಿ ಬೇಳೆ ಗಿರಣಿ, ಯಲಬುರ್ಗಾದಲ್ಲಿ ಎಣ್ಣೆ ಗಿರಣಿ ಇದ್ದವು. ಕಚೇರಿ ಕೊಪ್ಪಳದಲ್ಲಿತ್ತು. ಗೇಟಿನ ಹಾಜರಿಗೆ ಒಂದು ಸಾಫ್ಟ್‌ವೇರ್, ಪಗಾರಕ್ಕೆ ಇನ್ನೊಂದು, ಊಟದ ಕೂಪನ್ನಿಗೆ ಮತ್ತೊಂದು. ಮೂರನ್ನೂ ಬೇರೆ ಬೇರೆಯವರು ಮಾಡಿಕೊಟ್ಟಿದ್ದರು. ಮೂರರಲ್ಲೂ ಕೆಲಸಗಾರರ ಪಟ್ಟಿ ಬೇರೆ. ಗೇಟಿನ ಪ್ರಕಾರ ಬಂದವನು ಪಗಾರದ ಪ್ರಕಾರ ಬಂದಿರುತ್ತಿರಲಿಲ್ಲ. ಎರಡರಲ್ಲೂ ಇಲ್ಲದವನು ಊಟ ಮಾಡಿ ಹೋಗಿರುತ್ತಿದ್ದ. ತಿಂಗಳ ಕೊನೆಗೆ ಕೊಪ್ಪಳದ ಗುಮಾಸ್ತರು ತಲೆ ಚಚ್ಚಿಕೊಳ್ಳುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇದಕ್ಕೇ ಮದ್ದು ಎಂಬಂತೆ ಇತ್ತು. ಹಳೆಯ ವ್ಯವಸ್ಥೆಗಳನ್ನು ಕೆಡವಬೇಕಾಗಿಲ್ಲ. ಒಂದೊಂದು ಕೆಲಸವನ್ನು ಒಂದೊಂದು ಸೇವೆಯಾಗಿ ಬಿಡಿಸಿ ಇಡಬೇಕು. ಯಾರಿಗೆ ಏನು ಗೊತ್ತಾಗಬೇಕೋ ಅವರು ಆ ಸೇವೆಯನ್ನು ಕೇಳಬೇಕು, ತಮ್ಮದೇ ಪಟ್ಟಿ ಇಟ್ಟುಕೊಳ್ಳಬಾರದು. ‘ಯಾವ ಕೆಲಸಗಾರ ಇವತ್ತು ಎಲ್ಲಿದ್ದಾನೆ’ ಎಂಬ ಪ್ರಶ್ನೆಗೆ ನಾನು ಒಂದೇ ಸೇವೆ ಕಟ್ಟಿದೆ. ಯಾವ ಊರಿನ ಗೇಟಿನಲ್ಲಿ ಕಾರ್ಡು ಉಜ್ಜಿದರೋ ಅದನ್ನು ನೋಡಿ ಅದು ಉತ್ತರ ಹೇಳುತ್ತಿತ್ತು. ಹಾಜರಿ, ಪಗಾರ, ಕೂಪನ್ ಮೂರೂ ಅದನ್ನೇ ಕೇಳುತ್ತಿದ್ದವು. ಜಗಳ ನಿಂತಿತು. ಗಂಗಾವತಿಯ ಮ್ಯಾನೇಜರ್ ಸಾಹೇಬರು, ನಗಿಸುವ ಮನುಷ್ಯ, ಮೊದಲು ಈ ಮೂರೂ ನೆಗೆಣ್ಣಿಯರ ಹಂಗ ಕಚ್ಚಾಡುತ್ತಿದ್ದವು, ಈಗ ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತಿವೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆ ದಿನ ನಾನು ಗಂಗಾವತಿಯ ಗಿರಣಿಯಲ್ಲಿ ಅವರ ಎದುರು ಕುಳಿತಿದ್ದೆ. ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ಕಣದಲ್ಲಿ ಭತ್ತ ಹರವುವ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಹತ್ತಿರದ ಮರಳಿ ಎಂಬ ಊರಿನವಳು, ಇಪ್ಪತ್ತೈದರ ಆಸುಪಾಸು. ಒಂದು ಕೈಯಲ್ಲಿ ಬಿಚ್ಚದ ಬುತ್ತಿಗಂಟು, ಇನ್ನೊಂದರಲ್ಲಿ ಗಂಡಸಿನ ಚಪ್ಪಲಿ.

“ನನ್ನ ಗಂಡ ಹೊಟ್ಟಿನ ಮನ್ಯಾಗ ಅದಾನ್ರಿ. ಗಿರಣಿ ನಿಲ್ಲಸ್ರಿ.”

ಹೊಟ್ಟಿನ ಮನೆ ಎಂದರೆ ಗಿರಣಿಯ ಹಿಂದೆ ಕಿಟಕಿಯಿಲ್ಲದ ದೊಡ್ಡ ಕೋಣೆ. ಭತ್ತದ ಹೊಟ್ಟನ್ನು ಯಂತ್ರ ಕೊಳವೆಯಿಂದ ಊದಿ ಅದರೊಳಗೆ ಸುರಿಯುತ್ತದೆ. ಗುಡ್ಡೆ ಮಾಳಿಗೆ ಮುಟ್ಟುತ್ತದೆ. ಹಮಾಲರು ಬುಡದಿಂದ ತುಂಬಿ ತೆಗೆಯುತ್ತಾರೆ. ಮೇಲಿನದು ಕುಸಿದರೆ ಸದ್ದೂ ಆಗುವುದಿಲ್ಲ, ಮತ್ತೆ ಕೊಳವೆ ಅದರ ಮೇಲೆ ಸುರಿಯುತ್ತಲೇ ಇರುತ್ತದೆ. ಈ ಚಪ್ಪಲಿ ಅದರ ಬಾಗಿಲಲ್ಲಿ ಇದ್ದವಂತೆ. ಗಂಡ ಊಟಕ್ಕೆ ಬಂದಿರಲಿಲ್ಲ.

ಸಾಹೇಬರು ಹೆಸರು ಕೇಳಿದರು, ಕಂಪ್ಯೂಟರ್ ನೋಡಿದರು. ಹಾಜರಿಯಲ್ಲಿ ಅವನು ಬೆಳಿಗ್ಗೆ ಕುಷ್ಟಗಿಯ ಗೇಟು ದಾಟಿದ್ದ. ಪಗಾರದಲ್ಲೂ ಕುಷ್ಟಗಿ. ಕುಷ್ಟಗಿಯಲ್ಲೇ ಊಟದ ಕೂಪನ್ ಹೊರಟಿತ್ತು. ಹಮಾಲರ ಮೇಸ್ತ್ರಿಯನ್ನು ಕರೆಸಿದರು. ಅವನು ನೆಲ ನೋಡುತ್ತ, ಆ ಹೆಸರಿನವರು ತನ್ನ ಗುಂಪಿನಲ್ಲಿಲ್ಲ ಎಂದ.

ಸಾಹೇಬರು ಕೆಟ್ಟವರಲ್ಲ. ಗಿರಣಿ ನಿಲ್ಲಿಸಿದರೆ ಮಾಲೀಕರಿಗೆ ಕಾರಣ ಹೇಳಬೇಕಾದವರು, ಅಷ್ಟೆ. “ನೋಡವಾ ತಂಗಿ, ಇಂಥಾ ಚಪ್ಲಿ ಊರ ತುಂಬ ಅದಾವ. ಮೂರು ಕಂಪ್ಯೂಟರ್ ಅಂವ ಕುಷ್ಟಗ್ಯಾಗ ಅದಾನ ಅಂತಾವ. ಮೂರೂ ಸುಳ್ಳ ಹೇಳ್ತಾವೇನು?”

ಮೂರು ಅಲ್ಲ, ಹೇಳುತ್ತಿರುವುದು ಒಂದೇ, ಉಳಿದವು ಅದನ್ನೇ ಕೇಳಿ ತಿರುಗಿ ಹೇಳುತ್ತಿವೆ ಎಂದು ನಾನು ಹೇಳಿದೆ. ಹೇಳಿದೆ ಎಂದು ಡೈರಿಯಲ್ಲಿದೆ. ಎಷ್ಟು ಗಟ್ಟಿಯಾಗಿ ಹೇಳಿದೆ ಎಂಬುದು ಇಲ್ಲ. ಹಿಂದಿನ ದಿನಗಳಾಗಿದ್ದರೆ ಯಾವುದೋ ಒಂದು ಯಂತ್ರವಾದರೂ ಬೇರೆ ಮಾತು ಹೇಳುತ್ತಿತ್ತು, ಸಾಹೇಬರಿಗೆ ಅನುಮಾನ ಹುಟ್ಟುತ್ತಿತ್ತು ಎಂಬ ವಿಚಾರ ಆಗಲೇ ಬಂತೋ ವರ್ಷಗಳ ನಂತರ ಬಂತೋ, ಆಣೆ ಮಾಡಿ ಹೇಳಲಾರೆ. ಸಾಹೇಬರು ನನ್ನ ಮುಖ ನೋಡಿದರು. ಇದೆಲ್ಲ ಸರಿ ಇದೆ ಎಂದು ತಿಂಗಳುಗಟ್ಟಲೆ ಹೇಳಿದವನು ನಾನೇ ಅಲ್ಲವೇ ಎಂದರು.

ಕುಷ್ಟಗಿಗೆ ಫೋನ್ ಮಾಡಿ ಆ ಕಾರ್ಡಿನವನನ್ನೇ ಕರೆಸಿರಿ ಎಂದು ನಾನು ಕೇಳಿಕೊಂಡೆ. ಅವರು ಮಾಡಿದರು, ಸ್ಪೀಕರ್ ಒತ್ತಿದರು. ಬಹಳ ಹೊತ್ತು ಬರೀ ಅಲ್ಲಿಯ ಗಿರಣಿಯ ಸದ್ದು. ಅವಳು ಮೇಜಿನ ಅಂಚು ಹಿಡಿದಿದ್ದಳು. ಇಲ್ಲಿ ಗೋಡೆಯಾಚೆ ನಮ್ಮ ಗಿರಣಿ ನಡೆದೇ ಇತ್ತು.

ಕೊನೆಗೆ ಒಂದು ಗಂಡು ದನಿ ಬಂತು. ಸಾಹೇಬರು ಹೆಸರು ಹೇಳಿ, ನೀನೇ ಏನು ಎಂದರು.

“ಹೌದ್ರಿ ಸಾಹೇಬ್ರ, ನಾನ ಅದೀನ್ರಿ.”

ಸಾಹೇಬರು ಕುರ್ಚಿಗೆ ಒರಗಿದರು. ನನಗೂ ಎದೆ ಹಗುರಾಯಿತು. ಮನುಷ್ಯನೇ ತನ್ನ ಬಾಯಿಂದ ಹೇಳಿದ ಮೇಲೆ ಇನ್ನೇನು?

ಅವಳು ಬಗ್ಗಿ ಫೋನಿಗೆ ಬಾಯಿ ಹತ್ತಿರ ತಂದಳು. “ತಮ್ಮಾ, ನಾನು ನಿಮ್ಮತ್ತಿಗಿ. ನಿಮ್ಮಣ್ಣ ಕಾಣವಲ್ಲ. ಕಾರ್ಡ ಹಾಳಾಗ್ಲಿ, ಖರೇ ಹೇಳಪಾ.”

ಆ ಕಡೆಯವನು ಅಳತೊಡಗಿದ. ಅಳುತ್ತಲೇ ಎಲ್ಲ ಹೇಳಿದ.

ಕಾರ್ಡು ಅಣ್ಣನದು, ಕುಷ್ಟಗಿಯ ಕಾಯಂ ಕೆಲಸ. ಸುಗ್ಗಿಯಲ್ಲಿ ಗಂಗಾವತಿಯಲ್ಲಿ ಹಮಾಲಿ ಚೆನ್ನಾಗಿ ಸಿಗುತ್ತದೆ, ಹೆಂಡತಿಯೂ ಅಲ್ಲೇ ಇದ್ದಾಳೆ. ಹಾಗಾಗಿ ಅಣ್ಣ ತನ್ನ ಕಾರ್ಡನ್ನು ತಮ್ಮನ ಕೊರಳಿಗೆ ಹಾಕಿ, ತಾನು ಹೆಂಡತಿಯ ಜೊತೆ ಇಲ್ಲಿಗೆ ಬರುತ್ತಿದ್ದ. ಹಮಾಲರಿಗೆ ಕಾರ್ಡಿಲ್ಲ, ಹಿಂದಿನ ಗೇಟಿನಲ್ಲಿ ತಲೆ ಎಣಿಸಿ ಬಿಡುತ್ತಾರೆ. ಸುತ್ತಲ ಊರುಗಳಲ್ಲಿ ಇದು ಯಾರಿಗೂ ಮೋಸ ಅನ್ನಿಸುತ್ತಿರಲಿಲ್ಲ. ಹೊಲದ ಕೆಲಸಕ್ಕೆ ಅಣ್ಣನ ಬದಲು ತಮ್ಮ ಹೋಗುವುದಿಲ್ಲವೇ, ಹಾಗೆ. ಆದರೆ ಗಿರಣಿಗೆ ಗೊತ್ತಾದರೆ ಇಬ್ಬರೂ ಹೊರಗೆ. ತಮ್ಮ ಅದಕ್ಕೇ ಅಣ್ಣನಾದ, ಮೇಸ್ತ್ರಿ ಅದಕ್ಕೇ ನೆಲ ನೋಡಿದ. ಎಲ್ಲರೂ ಅವನ ಕೆಲಸ ಉಳಿಸುತ್ತಿದ್ದರು.

ಸಾಹೇಬರು ಓಡಿದ್ದು ನೆನಪಿದೆ. ಗಿರಣಿ ನಿಂತಿತು. ಅಂಥ ಮೌನವನ್ನು ಆ ಅಂಗಳದಲ್ಲಿ ಹಗಲು ಹೊತ್ತು ನಾನು ಕೇಳಿರಲಿಲ್ಲ. ಹಮಾಲರು ಬುಟ್ಟಿ ಹಿಡಿದು ನುಗ್ಗಿದರು. ಹೊಟ್ಟು ನೀರಿನಂತೆ. ತೆಗೆದಷ್ಟೂ ಮೇಲಿನಿಂದ ಇಳಿದು ಬಂದು ತುಂಬಿಕೊಳ್ಳುತ್ತದೆ. ಮೇಸ್ತ್ರಿ ಈಗ ಅವನ ಹೆಸರು ಹಿಡಿದು ಕೂಗುತ್ತಿದ್ದ. ನಾನೂ ಕೈಯಿಂದ ಬಾಚಿದೆ. ಕಣ್ಣು, ಗಂಟಲು ಉರಿಯುತ್ತಿದ್ದವು. ಸಾಹೇಬರು ಅಂಗಿ ಕಳಚಿ ಮೂಗಿಗೆ ಕಟ್ಟಿಕೊಂಡು, ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತ ಎಲ್ಲರಿಗಿಂತ ಮುಂದೆ ಇದ್ದರು. ಗೋಡೆಯ ತಗಡು ಕೊರೆಯಲು ಯಾರೋ ಹೇಳಿದರು. ಕೊರೆಯುವವನು ಬರುವ ಮೊದಲೇ ಒಂದು ಕೈ ಸಿಕ್ಕಿತು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿದರು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯನ್ನು ಹುರಿಮಾಡಿ ಮೂಗಿನಿಂದ, ಬಾಯಿಂದ ಹೊಟ್ಟು ತೆಗೆಯುತ್ತಿದ್ದಳು. ನಾನು ಎದುರಿಗೆ ಅವನ ಕಾಲು ಹಿಡಿದು ಕುಳಿತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರರು ನೋಡಿ, ಇಲ್ಲಿಗೆ ಬರುವ ಮೊದಲೇ ಜೀವ ಹೋಗಿದೆ ಎಂದರು. ಎಷ್ಟು ಮೊದಲು ಎಂದು ಯಾರೂ ಕೇಳಲಿಲ್ಲ.

ನನ್ನ ಡೈರಿಯಲ್ಲಿ ಆ ದಿನದ ಕೊನೆಯ ಸಾಲು, ‘ಟ್ರೇಲರಿನಲ್ಲಿ ಅವನು ಉಸಿರಾಡುತ್ತಿದ್ದ.’ ನನ್ನ ಕೈಬರಹವೇ. ನಾನು ಅದನ್ನು ನೋಡಿದೆನೇ? ರಸ್ತೆಯ ಕುಲುಕಿಗೆ ಎದೆ ಅಲ್ಲಾಡಿದ್ದನ್ನು ನೋಡಿದೆನೇ? ಅವನು ಉಸಿರಾಡುತ್ತಿದ್ದರೆ, ಫೋನಿನ ಮುಂದೆ ನಾವು ಕಾದ ಹೊತ್ತು ಅವನನ್ನು ಉಳಿಸಬಹುದಾಗಿದ್ದ ಹೊತ್ತು. ಇಲ್ಲದಿದ್ದರೆ, ಅವಳು ಬಾಗಿಲಲ್ಲಿ ನಿಂತಾಗಲೇ ಎಲ್ಲ ಮುಗಿದಿತ್ತು. ಅಂಗೈಯಲ್ಲಿ ಅವನ ಮುಖ ಹಿಡಿದಿದ್ದ ಅವಳಿಗೆ ಗೊತ್ತಿರಬೇಕು. ಅವಳು ಹೇಳಲಿಲ್ಲ. ಅವನ ಮಣ್ಣಿಗೆ ಹೋದ ದಿನ ಮರಳಿಯಲ್ಲಿ ಅವಳೆದುರು ನಿಂತೆ, ನನ್ನಿಂದ ಕೇಳಲಾಗಲಿಲ್ಲ.